ತಾತ ತೂಗಿ ನೋಡಿದ ರುಬ್ಬೋ ಕಲ್ಲು

ಮೊದಲೇ ಹೇಳ್ಬಿಡ್ತೀನಿ. ಇದನ್ನ ನಾನು ಕನ್ನಡದಲ್ಲಿ ಬರೀತಿರೋದು ಭಾಷೆ ಮೇಲಿನ ಪ್ರೀತಿಗಲ್ಲ. ನೈರೋಬಿಲಿ ನನ್ನ ಕ್ಲಾಸಲ್ಲಿ ಒಬ್ಬರಿಗೂ ಕನ್ನಡ ಬರಲ್ಲ, ಅದಕ್ಕೆ. ಇಂಗ್ಲಿಷಲ್ಲಿ ಬರೆದ್ರೆ ಓದ್ತಾರೆ, ಓದಿದ್ರೆ "ಏಯ್, ಹಂಗೆಲ್ಲಾ ಆಗೇ ಇಲ್ಲ" ಅಂತಾರೆ. ಕನ್ನಡದಲ್ಲಿ ಬರೆದ್ರೆ ಎದುರು ಹೇಳೋರು ಮನೇಲಿ ನಾಲ್ಕೇ ಜನ. ಅದರಲ್ಲಿ ಇಬ್ಬರ ಕನ್ನಡಕ ಎಲ್ಲಿದೆ ಅಂತ ನನಗೊಬ್ಬಳಿಗೇ ಗೊತ್ತು.

ಕಳೆದ ಟರ್ಮ್‌ನ ಕಥೆ. ನನಗಾಗ ಹದಿನಾರು. ಹಿಸ್ಟರಿ ಟೀಚರ್ ಬೋರ್ಡ್ ಪಕ್ಕ ಒಂದು ಪಟ್ಟಿ ಅಂಟಿಸಿದ್ರು: ಎರಡನೇ ಮಹಾಯುದ್ಧ ಆದ್ಮೇಲಿನ ಪ್ರಪಂಚ, ಒಬ್ಬೊಬ್ರು ಒಂದೊಂದು ವಿಷಯ ತಗೊಂಡು ಕ್ಲಾಸ್ ಮುಂದೆ ಮಾತಾಡ್ಬೇಕು. ಮೊದಲು ಬಂದೋರಿಗೆ ಮೊದಲ ಆಯ್ಕೆ. ನಮ್ಮ ಮನೆ ಹರ್ಲಿಂಗ್‌ಹ್ಯಾಮಲ್ಲಿ, ಸ್ಕೂಲು ಕರೆನ್‌ನಲ್ಲಿ. ಅವತ್ತು ಟ್ರಾಫಿಕ್ ಹೆಂಗಿತ್ತು ಅಂದ್ರೆ, ಕಡ್ಲೇಕಾಯಿ ಮಾರೋನೊಬ್ಬ ನಮ್ಮ ಸ್ಕೂಲ್ ಬಸ್ ಪಕ್ಕದಲ್ಲೇ ನಡ್ಕೊಂಡು ಬಂದು, ಬುಟ್ಟಿ ಪೂರ್ತಿ ಮಾರಿ, ಮನೆಗೆ ಹೋಗಿ ನಿದ್ದೆ ಮಾಡಿ, ಮತ್ತೆ ತುಂಬಿದ ಬುಟ್ಟಿ ತಗೊಂಡು ಬಂದ. ನಾವು ಅಲ್ಲೇ ಇದ್ವಿ.

ನಾನು ಕ್ಲಾಸಿಗೆ ಹೋಗೋಷ್ಟರಲ್ಲಿ ಗೂಢಚಾರರು ಖಾಲಿ, ಊರನ್ನ ಎರಡು ಮಾಡಿದ್ದ ಗೋಡೆ ಖಾಲಿ, ರಾಕೆಟ್ ಖಾಲಿ. ರಾಕೆಟ್ ತಗೊಂಡಿದ್ದೋನು ಮುಂದಿನ ಬೆಂಚಿನ ಹುಡುಗ, ಪ್ರತಿ ಟೆಸ್ಟಲ್ಲೂ ನನಗಿಂತ ಎರಡು ಮಾರ್ಕ್ಸ್ ಜಾಸ್ತಿ ತೆಗೆಯೋದನ್ನೇ ಜೀವನ ಮಾಡ್ಕೊಂಡಿರೋನು. ಪಟ್ಟೀಲಿ ಉಳಿದಿದ್ದು ಒಂದೇ ಸಾಲು: ಯುದ್ಧ ಆದ್ಮೇಲೆ ಕಮ್ಯುನಿಸ್ಟ್ ದೇಶಗಳಲ್ಲಿ ಹಡಗು ಸಾಗಣೆ, ಹಡಗು ಕಟ್ಟೋದು, ರೈಲು, ಇವುಗಳ ತೊಂದರೆಗಳು.

ರಾಕೆಟ್ ಹುಡುಗ ಹಿಂದೆ ತಿರುಗಿ ನಕ್ಕ. ಅವನು ನಕ್ಕಿರ್ಲಿಲ್ಲಾಂದ್ರೆ ಈ ಕಥೇನೇ ಇರ್ತಿರ್ಲಿಲ್ಲ. ನನ್ನ ಬಾಯಿ ನನ್ನ ಕೇಳ್ದೇನೇ ತೆರ್ಕೊಳ್ತು. "ನನಗೆ ಇದೇ ಬೇಕಿತ್ತು. ನಮ್ಮ ತಾತ ಅಂಥಾ ದೇಶದಲ್ಲೇ ಹಡಗು ಕಟ್ಟಿದ್ದಾರೆ. ಬೇಕಾದ್ರೆ ಕ್ಲಾಸಿಗೇ ಕರ್ಕೊಂಡ್ಬರ್ತೀನಿ."

ಟೀಚರ್ ಕಣ್ಣರಳಿಸಿದ್ರು. "ನಿಜವಾಗ್ಲೂ? ಸಾಕ್ಷಾತ್ ಸಾಕ್ಷಿ!" ಅಂತ ಅಲ್ಲೇ ಬರ್ಕೊಂಡ್ರು.

ಇದು ಸುಳ್ಳಲ್ಲ. ಸ್ವಲ್ಪ ಎಳೆದಿದ್ದು ಅಷ್ಟೇ. ತಾತ ಹಡಗು ಕಟ್ಟಿಲ್ಲ, ಕಟ್ಟೋದನ್ನ ನಿಂತು ನೋಡಿದ್ದಾರೆ. ಇನ್ನೂ ಮೂವತ್ತಾಗಿರ್ಲಿಲ್ಲ ಅವರಿಗೆ, ಆಗ ಅವರ ಕಂಪನಿ ಪೋಲೆಂಡಿನ ಒಂದು ಶಿಪ್‌ಯಾರ್ಡಿಗೆ ಸರಕು ಹಡಗು ಆರ್ಡರ್ ಕೊಟ್ಟು, ಪ್ರತಿ ಬೋಲ್ಟೂ ಸರಿ ಇದೆಯಾ ಅಂತ ನೋಡೋಕೆ ಇವರನ್ನ ಎಂಟು ತಿಂಗಳು ಅಲ್ಲಿಗೆ ಕಳ್ಸಿತ್ತು. ಇನ್‌ಸ್ಪೆಕ್ಟರ್ ಅಂದ್ರೆ ಇನ್‌ಸ್ಪೆಕ್ಟರ್. ಇವತ್ತಿಗೂ ಚಪಾತಿ ಕೊಟ್ರೆ ಮೊದಲು ತಿರುಗಿಸಿ ಹಿಂಭಾಗ ನೋಡ್ತಾರೆ.

ಈ ಪ್ರಾಜೆಕ್ಟಿಗೆ ನಾನ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡೆ ಅಂತ ಹೇಳ್ಬೇಕು. ಟರ್ಮ್ ಕೊನೇಲಿ ಇಡೀ ಕ್ಲಾಸು ರೈಲಲ್ಲಿ ಮೊಂಬಾಸಾಗೆ ಹೋಗೋದಿತ್ತು, ಮೂರು ದಿನ. ನನ್ನ ಬೆಸ್ಟ್ ಫ್ರೆಂಡು, ಆರನೇ ವಯಸ್ಸಿಂದ ನನ್ನ ಪಕ್ಕದ ಸೀಟಲ್ಲೇ ಕೂತು ನನ್ನ ಎಲ್ಲಾ ಕಥೆಗೂ "ಹೌದು, ನಾನೂ ನೋಡ್ದೆ" ಅಂತ ಸಾಕ್ಷಿ ಹೇಳೋಳು, ಆ ಟ್ರಿಪ್ ಮುಗಿದ ವಾರಕ್ಕೆ ಮನೆಯವರ ಜೊತೆ ಕಿಗಾಲಿಗೆ ಹೊರಡ್ತಿದ್ಲು. ಅವರಮ್ಮನಿಗೆ ಅಲ್ಲಿ ಕೆಲಸ. ಅಂದ್ರೆ ನಮಗಿಬ್ಬರಿಗೆ ಇರೋದು ಆ ಮೂರೇ ದಿನ.

ನಮ್ಮಪ್ಪ ಎಂಬಕಸಿ ಕಡೆ ಒಂದು ಔಷಧಿ ಫ್ಯಾಕ್ಟರೀಲಿ ಪ್ರೊಡಕ್ಷನ್ ಮ್ಯಾನೇಜರ್. ಮನೇಲೂ ಅದೇ ಭಾಷೆ. "ಹೋದ ಟರ್ಮ್ ಹಿಸ್ಟರೀಲಿ ಸಿ. ಈ ಟರ್ಮ್ ಟಾರ್ಗೆಟ್ ಎ. ಎ ಬಂದ್ರೆ ಮೊಂಬಾಸಾ. ಬರ್ದಿದ್ರೆ ನಿನ್ನ ಅಮ್ಮನ ಜೊತೆ ಬೀರು ಕ್ಲೀನಿಂಗು" ಅಂದ್ರು.

"ಎ ಮೈನಸ್ ಬಂದ್ರೆ ಅಪ್ಪಾ?"

"ನೂರು ಮಾತ್ರೆ ಬಾಟ್ಲೀಲಿ ತೊಂಬತ್ತೊಂಬತ್ತು ಹಾಕಿ ಮಾರ್ತೀವೇನೇ?"

ಹೀಗಾಗಿ ಭಾನುವಾರ ಬೆಳಿಗ್ಗೆ, ಕಾಫಿ ಕೈಗೆ ಕೊಟ್ಟು, ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿ, ಬಾಲ್ಕನೀಲಿ ತಾತನ ಮುಂದೆ ಕೂತೆ.

"ತಾತ, ಆ ಶಿಪ್‌ಯಾರ್ಡಲ್ಲಿ ಮುಖ್ಯವಾದ ತೊಂದರೆ ಏನು?"

"ಕೋಸು," ಅಂದ್ರು ತಾತ.

"ಎಲೆಕೋಸಾ?"

"ಬೆಳಿಗ್ಗೆ ಕೋಸು. ಮಧ್ಯಾಹ್ನ ಕೋಸಿನ ಸೂಪು. ಸಾಯಂಕಾಲ ಆಲೂಗಡ್ಡೆ ಅಂತ ಆಸೆಯಿಂದ ಬಿಚ್ಚಿದ್ರೆ ಅದರೊಳಗೂ ಕೋಸು."

ಒಳಗಿಂದ ಅಜ್ಜಿ ದನಿ ಬಂತು. "ಆ ಎಂಟು ತಿಂಗಳ ಸಿಟ್ಟು ನನ್ನ ಮೇಲೆ ತೀರ್ಸ್ಕೊಂಡ್ರಲ್ಲಾ! ಮದುವೆಯಾದಾಗಿಂದ ಈ ಮನೇಲಿ ಒಂದು ದಿನ ಕೋಸಿನ ಪಲ್ಯ ಮಾಡಕ್ಕೆ ಬಿಟ್ಟಿಲ್ಲ ಕಣೇ ನಿಮ್ಮ ತಾತ!"

ಹೀಗೆ ನಲವತ್ತು ನಿಮಿಷ ರೆಕಾರ್ಡಿಂಗಲ್ಲಿ ಬರೀ ಕೋಸು. ನಾನು ಮನಸ್ಸಲ್ಲೇ ಬೀರು ಒರೆಸೋಕೆ ಶುರು ಮಾಡಿದ್ದೆ. ಕೊನೆಗೆ ಸುಮ್ನೆ ಕೇಳ್ದೆ, "ಅಲ್ಲಾ ತಾತ, ಅಷ್ಟು ದೊಡ್ಡ ದೇಶದಲ್ಲಿ ಬೇರೆ ತರಕಾರೀನೇ ಇರ್ಲಿಲ್ವಾ?"

"ಇತ್ತಮ್ಮಾ. ಇನ್ನೊಂದು ಊರಲ್ಲಿತ್ತು. ತರೋಕೆ ವ್ಯಾಗನ್ ಇರ್ಲಿಲ್ಲ."

ಅಲ್ಲಿಂದ ಬಾಗಿಲು ತೆಗೀತು ನೋಡಿ. ಯುದ್ಧದಲ್ಲಿ ಹಳಿ, ಸೇತುವೆ, ಎಂಜಿನ್ನು ಎಲ್ಲಾ ಚಿಂದಿಯಾಗಿ, ಅದರ ಸುಸ್ತು ಎಷ್ಟೋ ವರ್ಷ ಹೋಗಿರ್ಲಿಲ್ವಂತೆ. ಇದ್ದ ವ್ಯಾಗನ್ನೂ ಕೈಗೆ ಸಿಗ್ತಿರ್ಲಿಲ್ಲ. ಯಾಕಂದ್ರೆ ಯಾವ ಫ್ಯಾಕ್ಟರಿಗೆ ವ್ಯಾಗನ್ ಬಂದ್ರೂ ಅವರು ಅದನ್ನ ವಾಪಸ್ ಬಿಡ್ತಿರ್ಲಿಲ್ಲ, ಮುಂದಿನ ಸಲ ಸಿಗುತ್ತೋ ಇಲ್ವೋ ಅನ್ನೋ ಭಯ. ಒಳಗೆ ಸಾಮಾನು ತುಂಬಿಸಿ ಗೋಡೌನ್ ಥರ ನಿಲ್ಲಿಸ್ಕೊಳ್ಳೋರು. ಇತ್ತ ಶಿಪ್‌ಯಾರ್ಡಲ್ಲಿ ತಿಂಗಳ ಮೊದಲ ಮೂರು ವಾರ ಉಕ್ಕಿಲ್ದೆ ಎಲ್ಲರೂ ಸಿಗರೇಟ್ ಸೇದ್ಕೊಂಡು ಕೂತಿರೋರು. ಕೊನೇ ವಾರ ಉಕ್ಕು ಬಂದ ತಕ್ಷಣ, ತಿಂಗಳ ಪ್ಲಾನ್ ಮುಗಿಸ್ಬೇಕಲ್ಲ, ಮೈಮೇಲೆ ಬಂದೋರ ಥರ ಕೆಲಸ.

ಪೇಪರ್ ಓದ್ತಿದ್ದ ಅಪ್ಪ ಯಾರೂ ಕೇಳ್ದೇನೇ, "ನಮ್ಮ ಫ್ಯಾಕ್ಟರೀಲಿ ಹಂಗೇನಿಲ್ಲಪ್ಪಾ" ಅಂದ್ರು.

"ನಿನ್ನ ಯಾರು ಕೇಳಿದ್ರೋ," ಅಂದ್ರು ತಾತ.

ಇನ್ನೊಂದು ತಮಾಷೆ ಗಡೀದು. ಸೋವಿಯತ್ ಹಳಿ ಅಗಲ, ಪೋಲೆಂಡ್ ಹಳಿ ಕಿರಿದು. ಆ ಕಡೆಯಿಂದ ಬಂದ ರೈಲು ಈ ಕಡೆ ಓಡಲ್ಲ. ಹಾಗಾಗಿ ಒಂದೋ ಸಾಮಾನೆಲ್ಲಾ ಇಳಿಸಿ ಬೇರೆ ರೈಲಿಗೆ ತುಂಬ್ಬೇಕು, ಇಲ್ಲಾ ಒಂದೊಂದೇ ಬೋಗೀನ ಜ್ಯಾಕ್ ಹಾಕಿ ಮೇಲೆತ್ತಿ ಕೆಳಗಿನ ಚಕ್ರ ಬದಲಾಯಿಸ್ಬೇಕು. ಹೋಟೆಲಿಗೆ ಹೋದಾಗ ಅಜ್ಜಿ ಕಾರಲ್ಲೇ ಹವಾಯಿ ಚಪ್ಪಲಿ ಬಿಟ್ಟು ಒಳ್ಳೇ ಚಪ್ಪಲಿ ಹಾಕ್ಕೊಳ್ತಾರಲ್ಲ, ಹಂಗೆ. ಅಪ್ಪ ಇದಕ್ಕೆ ಮಾತ್ರ ಪೇಪರ್ ಮಡಿಚಿಟ್ಟು ಹೇಳಿದ್ರು: ನಮ್ಮ ಕೆನ್ಯಾದಲ್ಲೂ ಮೊಂಬಾಸಾ ಕಡೆಯಿಂದ ಬರೋ ಹೊಸ ಹಳಿ ಅಗಲ, ಬ್ರಿಟಿಷರ ಕಾಲದ ಹಳೇ ಹಳಿ ಕಿರಿದು, ಕಂಟೇನರ್‌ನ ಒಂದರಿಂದ ಎತ್ತಿ ಇನ್ನೊಂದಕ್ಕೆ ಇಡ್ಬೇಕು. "ನನ್ನ ಕಚ್ಚಾಮಾಲು ಅಲ್ಲೆಲ್ಲೋ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿರುತ್ತೆ" ಅಂತ ನಿಟ್ಟುಸಿರುಬಿಟ್ರು.

ಆಮೇಲೆ ಬಂತು ರುಬ್ಬೋ ಕಲ್ಲು.

ಹಡಗಲ್ಲಿ ಕೆಲಸ ಮಾಡೋರು ನಮ್ಮವರು. ಅಡುಗೆಮನೆಗೆ ಬೇಕಾದ ಸಾಮಾನಿನ ಪಟ್ಟೀಲಿ ಕಂಪನಿಯೋರು ರುಬ್ಬೋ ಕಲ್ಲು ಒಂದು ಅಂತ ಸೇರಿಸಿದ್ರು. ಪೋಲೆಂಡಿನ ಎಂಜಿನಿಯರ್‌ಗಳು ಅದು ಯಾವ ಯಂತ್ರದ ಭಾಗ ಅಂತ ತಲೆ ಕೆರ್ಕೊಂಡು ತಾತನ ಹತ್ರ ಬಂದ್ರು. ತಾತನಿಗೆ ಪೋಲಿಷ್ ಬರ್ತಿದ್ದಿದ್ದು ಹನ್ನೊಂದು ಪದ, ಅದರಲ್ಲಿ ನಾಲ್ಕು ಕೋಸು. ಅದಕ್ಕೆ ಗ್ರಾಫ್ ಹಾಳೇಲಿ ಬರೆದು ಕೊಟ್ರು: ಗುಂಡಗಿನ ಕಲ್ಲು, ನಡುವೆ ಗುಳಿ, ಅದರೊಳಗೆ ಗುಂಡು. ಸಮುದ್ರದಲ್ಲಿ ಹಡಗು ಓಲಾಡಿದಾಗ ಕಲ್ಲು ಅಡುಗೆಮನೆ ತುಂಬಾ ಓಡಾಡ್ಬಾರ್ದಲ್ಲ, ಅದಕ್ಕೆ ಪಕ್ಕದಲ್ಲಿ ನೀಟಾಗಿ ಬರೆದ್ರು: ತೂಕ ಕನಿಷ್ಠ ನಲವತ್ತು ಕಿಲೋ.

"ಅಲ್ಲೇ ನಾನು ಕೆಟ್ಟೆ," ಅಂದ್ರು ತಾತ. "ಕನಿಷ್ಠ ಬರೆದೆ. ಗರಿಷ್ಠ ಬರೀಲಿಲ್ಲ."

ಯಾಕಂದ್ರೆ ಆ ವರ್ಕ್‌ಶಾಪಿನ ಪ್ಲಾನ್ ಲೆಕ್ಕ ಹಾಕ್ತಿದ್ದಿದ್ದು ತೂಕದಲ್ಲಿ. ಎಷ್ಟು ಸಾಮಾನು ಮಾಡಿದ್ರಿ ಅಂತಲ್ಲ, ಎಷ್ಟು ಭಾರ ಮಾಡಿದ್ರಿ ಅಂತ. ತೆಳ್ಳಗಿನ ಬಾಗಿಲು ಮಾಡ್ದೋನು ದಡ್ಡ, ದಪ್ಪ ಬಾಗಿಲು ಮಾಡ್ದೋನು ಹೀರೋ. ಆ ತಿಂಗಳು ವ್ಯಾಗನ್ ತೀರಾ ತಡವಾಗಿ ಬಂದು ಅವರ ತೂಕ ಕಮ್ಮಿ ಬಿದ್ದಿತ್ತು. ಆಗ ಕೈಗೆ ಸಿಕ್ತು ನಮ್ಮ ತಾತನ ಗ್ರಾಫ್ ಹಾಳೆ, ಇಷ್ಟಕ್ಕಿಂತ ಕಮ್ಮಿ ಇರ್ಬಾರ್ದು ಅಂತ ಗಿರಾಕಿಯೇ ಬರೆದು ಕೊಟ್ಟಿದ್ದು. ಜಾಸ್ತಿಗೆ ಲಿಮಿಟ್ಟೇ ಇಲ್ಲ. ದೇವರು ಕೊಟ್ಟ ವರ!

ತಿಂಗಳ ಕೊನೇ ದಿನ ತಾತ ಹೋಗಿ ನೋಡ್ತಾರೆ, ಅಡುಗೆಮನೆ ಮಧ್ಯೆ ಉಕ್ಕಲ್ಲಿ ಎರಕ ಹೊಯ್ದ ರುಬ್ಬೋ ಕಲ್ಲು. ಕ್ರೇನಲ್ಲಿ ಇಳಿಸಿ, ಎಂಟು ಬೋಲ್ಟ್ ಹಾಕಿ, ಹಡಗಿನ ಬಣ್ಣಾನೇ ಹೊಡೆದಿದ್ದಾರೆ. ಗುಂಡು ಎತ್ತೋಕೇ ಇಬ್ಬರು ಬೇಕು. ದಪ್ಪ ಮೀಸೆ ಫೋರ್ಮನ್ ಪಕ್ಕದಲ್ಲಿ ನಿಂತು, ಮಗು ಹೆತ್ತೋನ ಥರ ನಗ್ತಿದ್ದಾನೆ.

"ಸಹಿ ಹಾಕಿದ್ರಾ ತಾತ?"

"ಹೆಂಗಮ್ಮಾ ಹಾಕ್ಲಿ? ಅಡುಗೆ ಸಾಮಾನು ಅಂತ ಹಾಕಿದ್ರೆ ಸುಳ್ಳಾಗುತ್ತೆ. ಹಾಕಿಲ್ಲಾಂದ್ರೆ ಅವನ ವರ್ಕ್‌ಶಾಪಿನ ಬೋನಸ್ ಕೈತಪ್ಪುತ್ತೆ, ಕ್ರಿಸ್‌ಮಸ್ ಬೇರೆ ಹತ್ರ."

ತಾತ ಕಲ್ಲನ್ನ ಬಿಚ್ಚಿಸಿ ತೂಗಿಸಿದ್ರು. ಆಮೇಲೆ ಅದನ್ನ ಹಡಗಿನ ತಳಕ್ಕೆ ಇಳಿಸಿ ಬಿಗಿಸಿ ಅಂದ್ರು. ಹಡಗು ಮಗುಚ್ಬಾರ್ದು ಅಂತ ತಳದಲ್ಲಿ ಭಾರ ಇಡ್ತಾರಂತೆ, ಬ್ಯಾಲಸ್ಟ್ ಅಂತಾರೆ. ಪೇಪರಲ್ಲಿ ಅಡುಗೆ ಸಾಮಾನು ಹೊಡೆದುಹಾಕಿ, ಬ್ಯಾಲಸ್ಟ್ ಒಂದು ಅಂತ ಬರೆದು ಸಹಿ ಹಾಕಿದ್ರು. ತೂಕ ನಿಜ, ಹೆಸರು ನಿಜ, ಬೋನಸ್ಸೂ ಬಂತು. ಫೋರ್ಮನ್ ತಾತನ್ನ ಎತ್ತಿ ಅಪ್ಕೊಂಡು ಮೂರು ಸಲ ಮುತ್ತು ಕೊಟ್ನಂತೆ. ಉಡುಗೊರೆಯಾಗಿ ಒಂದು ದೊಡ್ಡ ಜಾಡಿ ಕೊಟ್ಟ. ಒಳಗೇನಿತ್ತು ಅಂತ ಕೇಳ್ಬೇಡಿ. ಉಪ್ಪಲ್ಲಿ ನೆನೆಸಿದ ಕೋಸು.

ನಾನು ನೆಲದ ಮೇಲೆ ಉರುಳಾಡಿ ನಕ್ಕೆ. ಎ ಗ್ರೇಡ್ ಜೇಬಲ್ಲಿತ್ತು. ಸುಮ್ನೆ ಹಂಗೇ ಹೇಳಿದ್ರೆ ಸಾಕಿತ್ತು.

ಆದ್ರೆ ಹಂಗೇ ಹೇಳೋದು ನನ್ನ ಜಾಯಮಾನ ಅಲ್ವಲ್ಲ. ಸ್ಲೈಡ್ ಮಾಡುವಾಗ ಕಲ್ಲಿನ ತೂಕ ಐನೂರು ಕಿಲೋ ಅಂತ ಹಾಕಿದೆ. ಸಪ್ಪೆ ಅನ್ನಿಸ್ತು. ಒಂದು ಟನ್ ಮಾಡ್ದೆ. ರಾಕೆಟ್ ಹುಡುಗನ ರಾಕೆಟ್ ಎಷ್ಟು ಭಾರ ಅಂತ ನೆನಪಾಗಿ ಎರಡು ಟನ್ ಮಾಡಿ ಮಲಗಿದೆ.

ಶುಕ್ರವಾರ ತಾತ ಕೋಟು, ಮಫ್ಲರ್ ಹಾಕ್ಕೊಂಡು ಕ್ಲಾಸಿಗೆ ಬಂದ್ರು. ಟೀಚರ್ ಎದ್ದು ನಿಂತು, "ಕರಿಬು, ಮ್ಜೇ" ಅಂತ ಸ್ವಾಗತಿಸಿ ತಮ್ಮ ಕುರ್ಚೀನೇ ಕೊಟ್ರು. ಇಲ್ಲಿ ಹಿರಿಯರನ್ನ ಮರ್ಯಾದೆಯಿಂದ ಮ್ಜೇ ಅಂತಾರೆ. ನಾನು ಶುರು ಮಾಡ್ದೆ. ವ್ಯಾಗನ್‌ಗೆ ನಕ್ಕರು. ಚಪ್ಪಲಿಗೆ ಇನ್ನೂ ಜಾಸ್ತಿ ನಕ್ಕರು. ರುಬ್ಬೋ ಕಲ್ಲಿನ ಸ್ಲೈಡ್ ಬಂದಾಗ ಹಿಂದಿನ ಬೆಂಚಿಂದ ಒಬ್ಬಳು ಕೆಳಗೆ ಜಾರಿದ್ಲು. ನಾನು ರಾಣಿ ಥರ ನಿಂತಿದ್ದೆ.

ರಾಕೆಟ್ ಹುಡುಗ ಕೈ ಎತ್ತಿದ. "ಎರಡು ಟನ್ ಅಂದ್ರೆ ಒಂದು ಕಾರು. ಅಡುಗೆಮನೆ ನೆಲ ತಡ್ಕೊಳ್ತಾ?"

"ಹಡಗಿನ ನೆಲ ಕಣೋ, ನಿಮ್ಮನೆ ಟೈಲ್ಸ್ ಅಲ್ಲ," ಅಂದೆ. ಕ್ಲಾಸು ಹೋ ಅಂತು.

ಆಗ ಪಕ್ಕದಲ್ಲಿ ಕುರ್ಚಿ ಸರಿದ ಸದ್ದು. ತಾತ ಎದ್ದು ನಿಂತಿದ್ರು. ನಾನು ಕಣ್ಣಲ್ಲೇ ಬೇಡ್ಕೊಂಡೆ. ಬೇಡ ತಾತ. ಪ್ಲೀಸ್ ತಾತ. ಮೊಂಬಾಸಾ ತಾತ.

"ಇನ್ನೂರ ಹನ್ನೆರಡು ಕಿಲೋ," ಅಂದ್ರು, ಸ್ಪಷ್ಟವಾದ ಇಂಗ್ಲಿಷಲ್ಲಿ. "ಗುಂಡು ಸೇರಿ. ತೂಗಿಸಿದ್ದು ನಾನೇ."

ಸ್ಲೈಡಲ್ಲಿ ಎರಡು ಟನ್ ಹಂಗೇ ನಿಂತಿತ್ತು. ಬಿದ್ದಿದ್ದು ನನ್ನ ಮಾನ.

"ಎರಡು ಟನ್ ಎಲ್ಲಿಂದ ಬಂತು?" ಅಂತ ಟೀಚರ್ ನನ್ನ ಕಡೆ ತಿರುಗಿದ್ರು.

ನಾನು ಅರ್ಧ ಸೆಕೆಂಡಲ್ಲಿ ಒಂದು ದಾರಿ ಹುಡುಕಿದೆ, ಅದನ್ನ ಇವತ್ತಿಗೂ ಹೆಮ್ಮೆಯಿಂದ ನೆನೆಸ್ಕೊಳ್ತೀನಿ. "ಬೇಕಂತಲೇ ಮಾಡಿದ್ದು ಟೀಚರ್. ಕೆಳಗಿನೋರು ಮೇಲಿನೋರಿಗೆ ಲೆಕ್ಕ ಒಪ್ಪಿಸುವಾಗ ಅಂಕಿ ಹೆಂಗೆ ಉಬ್ಬುತ್ತೆ ಅಂತ ಮಾಡಿ ತೋರಿಸ್ದೆ."

ಟೀಚರ್ ತುಟಿ ಕಚ್ಚಿ ಹಿಡ್ಕೊಂಡ್ರು. ಕೊನೆಗೆ ತಡೀಲಾರ್ದೆ ಜೋರಾಗಿ ನಕ್ಕುಬಿಟ್ರು. "ಒಳ್ಳೇ ಪ್ರಯತ್ನ. ಆದ್ರೆ ಇತಿಹಾಸ ಅಂದ್ರೆ ಸಾಕ್ಷಿ. ಸೋಮವಾರ ಮತ್ತೆ ಮಾತಾಡು. ಪ್ರತಿ ಸ್ಲೈಡಿಗೂ ಮ್ಜೇ ಸಹಿ ಇರ್ಬೇಕು. ಗ್ರೇಡ್ ಆಗ."

ಹೊರಗೆ ಫ್ರೆಂಡು ನನ್ನ ಬ್ಯಾಗ್ ಹಿಡಿದು ಎಳೆದ್ಲು. "ನೀನು ರೈಲಲ್ಲಿ ಇರ್ಲಿಲ್ಲಾಂದ್ರೆ ಕಿಗಾಲಿಯಿಂದ ಒಂದು ಮೆಸೇಜೂ ಮಾಡಲ್ಲ. ಆಣೆ." ತಮಾಷೆ ಥರ ಹೇಳಿದ್ಲು, ಆದ್ರೆ ಕಣ್ಣು ಬೇರೆ ಕಡೆ ತಿರುಗಿಸ್ಕೊಂಡ್ಲು. ಹತ್ತು ವರ್ಷದಲ್ಲಿ ನನ್ನ ಕಥೆಗೆ ಅವಳು ಸಾಕ್ಷಿ ಹೇಳ್ದೆ ಇದ್ದಿದ್ದು ಅದೊಂದೇ ದಿನ.

ಮನೆಗೆ ಬರೋ ದಾರೀಲಿ ಕಾರಲ್ಲಿ ತಾತನ ಜೊತೆ ಎರಡು ಗಂಟೆ ಮಾತಾಡ್ಲಿಲ್ಲ ನಾನು. (ಹನ್ನೊಂದು ನಿಮಿಷ, ಅಂತಾರೆ ತಾತ. ಆಮೇಲೆ ಮಂಡಾಜಿ ಕೊಡಿಸಿದ್ರು. ನಮ್ಮ ಬನ್ಸ್ ಥರ ಇರುತ್ತೆ ಅದು, ತಿಂತಾ ಮುನಿಸ್ಕೊಂಡಿರೋಕಾಗಲ್ಲ.)

"ನನ್ನ ಉಳಿಸ್ಬೋದಿತ್ತಲ್ಲಾ ತಾತ. ಫೋರ್ಮನ್‌ನ ಉಳಿಸಿದ್ರಿ."

"ಅವನಿಗೂ ತೂಕ ಬದಲಾಯಿಸಿ ಕೊಡ್ಲಿಲ್ವಲ್ಲಮ್ಮಾ. ಜಾಗ ಹುಡುಕಿ ಕೊಟ್ಟೆ, ಅಷ್ಟೇ. ನಿನಗೂ ಹುಡುಕೋಣ ಬಾ."

ಶನಿವಾರ ಬೆಳಿಗ್ಗೆ ಊಟದ ಟೇಬಲ್ ಮೇಲೆ ಹದಿನಾಲ್ಕು ಸ್ಲೈಡ್ ಪ್ರಿಂಟ್ ಹರಡಿದ್ವಿ. ತಾತ ಕೆಂಪು ಪೆನ್ ಹಿಡ್ಕೊಂಡ್ರು, ಅಮ್ಮ ಉಪ್ಪಿಟ್ಟು ತಂದಿಟ್ಟು ನೋಡೋಕೆ ಅಂತ ಕೂತ್ಕೊಂಡ್ರು.

"ಚಳಿಗೆ ತಾತನ ಮೀಸೆ ಒಡೆದು ಕೈಗೆ ಬಂತು. ಏನಿದು?" ಅಂತ ಒಂದು ಸ್ಲೈಡ್ ಓದಿ ಕೇಳಿದ್ರು ತಾತ.

"ಕಲರ್ ಕೊಟ್ಟೆ ತಾತ."

"ನನಗೆ ಮೀಸೇನೇ ಇರ್ಲಿಲ್ಲ."

"ಅದೊಂದು ನಿಜ," ಅಂದ್ರು ಅಜ್ಜಿ. "ಬಿಟ್ಟಿದ್ರೆ ನಾನು ಮದುವೆಗೇ ಒಪ್ತಿರ್ಲಿಲ್ಲ."

"ಒಂದು ವ್ಯಾಗನ್ ಒಳಗೆ ಒಂದು ಕುಟುಂಬ ಮೂರು ತಲೆಮಾರು ಬದುಕಿತ್ತು?"

"ತೆಗೀಲಾ?"

"ತೆಗಿ. ಅದರೊಳಗೆ ಯಾರೋ ಕೋಳಿ ಸಾಕಿದ್ರು, ಅದನ್ನ ಹಾಕು. ನಾನೇ ನೋಡಿದ್ದೀನಿ."

"ಕೋಳೀನಾ? ತಾತ, ಇದನ್ಯಾಕೆ ಮೊದಲೇ ಹೇಳ್ಲಿಲ್ಲ?"

"ನೀನು ಕೇಳಿದ್ಯಾ? ಬರೀ ಕೋಸು ಕೋಸು ಅಂತಿದ್ದೆ."

ಮೂವತ್ತೊಂದು ಕಡೆ ಕೆಂಪು ಗೀಟು. ನಾನು ಒಂದೊಂದು ಸುಳ್ಳು ಕಳ್ಕೊಂಡಾಗ್ಲೂ ತಾತ ಯಾವುದೋ ಮೂಲೆಯಿಂದ ಒಂದು ನಿಜ ತೆಗೆದು ಕೊಡೋರು. ಹಿಮದಲ್ಲಿ ಹೂತುಹೋಗಿದ್ದ ಪ್ರೊಪೆಲ್ಲರ್, ಅದನ್ನ ಕಾಯೋಕೆ ಅಂತ ನೇಮಿಸಿ ಆಮೇಲೆ ಎಲ್ಲರೂ ಮರೆತ ಕಾವಲುಗಾರ. ಉದ್ಘಾಟನೆ ದಿನ ಎಂಜಿನ್ ಬಂದಿರ್ಲಿಲ್ಲ ಅಂತ ಹಡಗನ್ನ ಹಂಗೇ ನೀರಿಗೆ ಬಿಟ್ಟು, ಬ್ಯಾಂಡ್ ಬಾರಿಸಿ, ಭಾಷಣ ಮುಗಿಸಿ, ಹಗ್ಗ ಕಟ್ಟಿ ಮತ್ತೆ ದಡಕ್ಕೆ ಎಳ್ಕೊಂಡಿದ್ದು. ಮಧ್ಯಾಹ್ನದ ಹೊತ್ತಿಗೆ ಅಪ್ಪನೂ ಕುರ್ಚಿ ಎಳ್ಕೊಂಡು ಬಂದು, "ಅಣ್ಣ, ಇದೆಲ್ಲಾ ನಮಗ್ಯಾಕೆ ಹೇಳೇ ಇಲ್ಲ ನೀವು?" ಅಂತ ಕೇಳಿದ್ರು. ಹಳೇ ಮೈಸೂರು ಕಡೆ ತಂದೇನ ಅಣ್ಣ ಅನ್ನೋರಲ್ಲಾ, ನಮ್ಮನೇಲೂ ಹಂಗೇ. ತಾತ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, "ಚೆನ್ನಾಗಿತ್ತು ಕಣೋ ಅಲ್ಲಿ," ಅಂದ್ರು. "ಕೋಸು ಬಿಟ್ರೆ."

ಸೋಮವಾರ ಸಹಿ ಹಾಕಿದ ಹದಿನಾಲ್ಕು ಹಾಳೆ ಟೀಚರ್ ಕೈಗೆ ಕೊಟ್ಟು ಮಾತಾಡ್ದೆ. ಎಲ್ಲಾ ನಿಜ. ಮೈಮೇಲೆ ಬಟ್ಟೆ ಇಲ್ದಂಗೆ ಅನ್ನಿಸ್ತಿತ್ತು. ಕೋಳಿ ಹತ್ರ ಬಂದಾಗ ರಾಕೆಟ್ ಹುಡುಗ ಮೊದಲನೇ ಸಲ ನನ್ನ ಮಾತಿಗೆ ನಕ್ಕ, ತಡೀಲಾರ್ದೆ, ಮೂಗಿಂದ. ಎಂಜಿನ್ ಇಲ್ದ ಹಡಗು ಬಂದಾಗ ಪಕ್ಕದ ಕ್ಲಾಸಿನ ಟೀಚರ್ ಬಾಗಿಲಲ್ಲಿ ಬಂದು ನಿಂತಿದ್ರು. ನಿಜ ಇಷ್ಟು ನಗಿಸುತ್ತೆ ಅಂತ ಯಾರೂ ನನಗೆ ಹೇಳಿರ್ಲಿಲ್ಲ. ಹೇಳಿದ್ರೂ ನಂಬ್ತಿರ್ಲಿಲ್ಲ. ಈಗ್ಲೂ ಪೂರ್ತಿ ಒಪ್ಪಲ್ಲ.

ಗ್ರೇಡ್ ಬಂತು. ಎ. ಮೈನಸ್.

"ಮೈನಸ್ ಶುಕ್ರವಾರಕ್ಕೆ," ಅಂತ ಟೀಚರ್ ಪಕ್ಕದಲ್ಲಿ ಬರೆದಿದ್ರು.

ಸಾಯಂಕಾಲ ಆ ಹಾಳೇನ ಅಪ್ಪನ ಮುಂದೆ ಇಟ್ಟೆ. ಹೆಬ್ಬೆರಳು ಇಟ್ಟು ಮೈನಸ್ ಮುಚ್ಚೋ ಯೋಚನೆ ಬಂದಿತ್ತು, ಸುಳ್ಳು ಹೇಳಲ್ಲ. ಬೆರಳು ಮುಂದೆ ಕೂಡ ಹೋಯ್ತು. ಆಮೇಲೆ ನಾನೇ ತೆಗೆದು, "ಅಪ್ಪಾ, ಮೈನಸ್ ಇದೆ. ಅದು ನಂದೇ ತಪ್ಪು" ಅಂದೆ. ಅಮ್ಮ ಸೌಟು ಹಿಡ್ಕೊಂಡೇ ಅಡುಗೆಮನೆಯಿಂದ ಹೊರಗೆ ಬಂದ್ರು. ನನ್ನ ಬಾಯಲ್ಲಿ ಆ ಮಾತು ಯಾರೂ ಕೇಳಿರ್ಲಿಲ್ಲ.

ಅಪ್ಪ ಹಾಳೆ ನೋಡಿದ್ರು, ನನ್ನ ನೋಡಿದ್ರು. ಹಾಳೆ ತಿರುಗಿಸಿ ಹತ್ತು ನಿಮಿಷ ಹಿಂಭಾಗ ನೋಡಿದ್ರು. ಸರಿ, ಹತ್ತು ಸೆಕೆಂಡು.

"ಟಾರ್ಗೆಟ್ ಎ," ಅಂದ್ರು.

"ಗೊತ್ತಪ್ಪಾ."

"ಟಾರ್ಗೆಟ್ ಮಿಸ್ ಆಗಿದೆ."

"ಗೊತ್ತು."

"ಇದೇ ಮಾತು ನಮ್ಮ ಫ್ಯಾಕ್ಟರೀಲಿ ಯಾವನಾದ್ರೂ ನನ್ನ ಮುಖ ನೋಡ್ಕೊಂಡು ಹೇಳಿದ್ರೆ ಅವನಿಗೆ ಪ್ರಮೋಷನ್ ಕೊಡ್ತಿದ್ದೆ ಕಣೇ," ಅಂತ ಜೇಬಿಂದ ಪೆನ್ ತೆಗೆದ್ರು. "ಎಲ್ಲಿ, ಆ ಟ್ರಿಪ್ ಫಾರಂ ತಗೊಂಡ್ಬಾ."

ನಾನು ಕಿರುಚಿದ್ದು ಪಕ್ಕದ ಮನೆಗೆ ಕೇಳಿಸ್ತು. ಇದಕ್ಕೆ ಸಾಕ್ಷಿ ಇದೆ, ಅವರು ಬಾಗಿಲು ತಟ್ಟಿ, "ಎಲ್ಲಾ ಸವಾ ತಾನೇ?" ಅಂತ ಕೇಳಿದ್ರು. ಸವಾ ಅಂದ್ರೆ ಸರಿಯಾಗಿದೆ ಅಂತ. ಎಲ್ಲಾ ಸವಾ ಆಗಿತ್ತು.

ಎರಡು ವಾರ ಆದ್ಮೇಲೆ ಬೆಳಿಗ್ಗೆ ಎಂಟಕ್ಕೆ ರೈಲು ಹೊರಟಾಗ ಫ್ರೆಂಡು ಕಿಟಕಿ ಪಕ್ಕ, ನಾನು ಅವಳ ಪಕ್ಕ. ಅಮ್ಮ ಹನ್ನೆರಡು ಜನಕ್ಕಾಗೋಷ್ಟು ಪುಳಿಯೋಗರೆ ಕಟ್ಟಿದ್ರು. ಅಥಿ ನದಿ ದಾಟೋ ಮುಂಚೆ ನಾವಿಬ್ಬರೇ ಡಬ್ಬಿ ಖಾಲಿ ಮಾಡಿದ್ವಿ. ನಮ್ಮ ಗಲಾಟೆ ತಡೀಲಾರ್ದೆ ಟೀಚರ್ ಎದ್ದು ಎರಡು ಬೋಗಿ ಆಚೆ ಹೋಗಿ ಕೂತ್ರು. ಕಿಗಾಲಿ ಬಗ್ಗೆ ಒಂದು ಮಾತೂ ಆಡ್ಬಾರ್ದು ಅಂತ ಇಬ್ಬರೂ ಮೊದಲೇ ಒಪ್ಪಿಕೊಂಡಿದ್ವಿ, ಆಡ್ಲಿಲ್ಲ. ಅವಳು ನನ್ನ ತೋಳಿಗೆ ತಲೆ ಒರಗಿಸಿ, ಹೊರಗೆ ಓಡ್ತಿದ್ದ ಒಣ ಹುಲ್ಲಿನ ಬಯಲು ನೋಡ್ತಾ, "ಹೂಂ, ಈಗ ಒಂದು ಕಥೆ ಹೇಳು" ಅಂದ್ಲು. ನಾನು ಶುರು ಮಾಡ್ದೆ.